ಬೆಳ್ಳಿ ಎಳೆಗಳ ಬೀಗತನ

ಏನು ಸಂಶೋಧನೆ ಮಾಡುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ "ತಂತಿ ಹಾಸ್ತೇನಿ" ಎಂದುಬಿಡುವ ದುರಭ್ಯಾಸ ನನಗಿದೆ. ನಮ್ಮ ಸವಣೂರಿನಲ್ಲಿ ಹೀಗೆ ಹೇಳಿ ಪಾರಾಗುವುದು ಕಷ್ಟ. ವೀಳ್ಯದೆಲೆ ತೋಟದ ಯಜಮಾನರೊಬ್ಬರು ತಮ್ಮ ಬೋರಿನ ಮೋಟರು ಮತ್ತೆ ಸುಟ್ಟಿದೆಯೆಂದೂ, ಬಿಡುವಾದಾಗ ಬಂದು ನೋಡಬೇಕೆಂದೂ ಗಂಟುಬಿದ್ದರು. ನನ್ನ ತಂತಿ ಬೆಳ್ಳಿಯದು, ಕೂದಲಿಗಿಂತ ಸಾವಿರ ಪಾಲು ಸಣ್ಣದು, ಅದೂ ಕಂಪ್ಯೂಟರಿನೊಳಗೆ ಮಾತ್ರ ಇರುವಂಥದು ಎಂದು ವಿವರಿಸಿದೆ. ಅಂದಿನಿಂದ ಅವರು ನನ್ನನ್ನು ಕರುಣೆಯಿಂದ ಮಾತಾಡಿಸುತ್ತಾರೆ.

ವಿಷಯ ಇಷ್ಟೇ. ಮೊಬೈಲಿನ ಗಾಜಿನಡಿ ಒಂದು ತೆಳು ಪದರ ಇರುತ್ತದೆ. ಅದು ಬೆಳಕನ್ನೂ ಬಿಡಬೇಕು, ಕರೆಂಟನ್ನೂ ಬಿಡಬೇಕು. ಈಗ ಇರುವುದು ಹಪ್ಪಳದ ಜಾತಿಯದು, ಬಗ್ಗಿಸಿದರೆ ಬಿರಿಯುತ್ತದೆ. ಅದರ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿಯ ಎಳೆಗಳನ್ನು ಮನಬಂದಂತೆ ಚೆಲ್ಲಿದರೆ ಒಂದರ ಮೇಲೊಂದು ಬಿದ್ದು ಜಾಲವಾಗುತ್ತದೆ. ಎಳೆಗಳಗುಂಟ ಕರೆಂಟು, ನಡುವಿನ ಖಾಲಿ ಜಾಗದಿಂದ ಬೆಳಕು. ಕಡಿಮೆ ಚೆಲ್ಲಿದರೆ ದಾರಿ ಕೂಡುವುದಿಲ್ಲ, ಹೆಚ್ಚಾದರೆ ಹಾಳೆ ಮಬ್ಬಾಗುತ್ತದೆ. ಎಷ್ಟು ಚೆಲ್ಲಬೇಕೆಂದು ಮೊದಲೇ ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಹತ್ತಿರದ ಆಡೂರಿನ ಹಳೆಯ ಕಲ್ಲುಶಾಸನಗಳ ಮುಂದೆ ನಿಂತಾಗಲೂ ನನಗೆ ಇದೇ ಧ್ಯಾನ: ಅಲ್ಲಲ್ಲಿ ಅಕ್ಷರ ಸವೆದಿದ್ದರೂ ಅರ್ಥ ಹೇಗೋ ದಾರಿ ಹುಡುಕಿಕೊಂಡು ಆಚೆ ದಡ ಸೇರುತ್ತದೆ. ಆದರೆ ಇಂಥ ಮಾತಿಗೆ ಯಾರೂ ಡಾಕ್ಟರೇಟ್ ಕೊಡುವುದಿಲ್ಲ.

ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತ, ಬಸ್ಸಿನಲ್ಲಿ ಲೆಕ್ಕ ಮಾಡುತ್ತ, ತಲೆ ನರೆತ ಮೇಲೆ ಡಾಕ್ಟರೇಟಿಗೆ ಕೈಹಾಕಿದವನು ನಾನು. ನಿಜವಾದ ಹಾಳೆ ಮಾಡುವವಳು ಧಾರವಾಡದ ಪ್ರಯೋಗಾಲಯದ ರೆಹಾನಾ. ನಮ್ಮೂರಿನವಳೇ, ಒಂದು ಕಾಲದ ನನ್ನ ವಿದ್ಯಾರ್ಥಿನಿ. ಅವಳು ನನ್ನ ಲೆಕ್ಕದಂತೆಯೇ ಎಳೆ ಚೆಲ್ಲಿದಳು. ಕರೆಂಟು ಹರಿಯಿತೋ ಇಲ್ಲವೋ ಎನ್ನುವಷ್ಟು ಹರಿಯಿತು. ಮತ್ತೆ ಚೆಲ್ಲಿದಳು, ಅದೇ ಕಥೆ. ಮುಂದಿನ ಪರಿಶೀಲನಾ ಸಭೆಯ ಹೊತ್ತಿಗೆ ಲೆಕ್ಕಕ್ಕೂ ಹಾಳೆಗೂ ತಾಳೆಯಾಗದಿದ್ದರೆ ಈ ಅಧ್ಯಾಯವನ್ನೇ ಕೈಬಿಡಿ ಎಂದರು ನಮ್ಮ ಮಾರ್ಗದರ್ಶಕರು. ಆ ಅಧ್ಯಾಯ ಹೋದರೆ ನನ್ನ ಪ್ರಬಂಧದಲ್ಲಿ ಉಳಿಯುವುದು ಮುನ್ನುಡಿ ಮತ್ತು ಕೃತಜ್ಞತೆ. ರೆಹಾನಾ ಬಹಳ ಮರ್ಯಾದೆಯಿಂದ ಫೋನಿನಲ್ಲಿ ಹೇಳಿದಳು: "ಸರ, ನಿಮ್ಮ ಲೆಕ್ಕದಾಗ ಎಲ್ಲಾ ಚಲೋ ಐತ್ರಿ. ಹಾಳ್ಯಾಗಷ್ಟ ಕರೆಂಟ್ ಇಲ್ಲ."

ಆ ರವಿವಾರ ನಮ್ಮ ಮನೆಯಲ್ಲಿ ಶ್ಯಾವಿಗೆ. ಬೇಸಿಗೆ ಬಂತೆಂದರೆ ನಮ್ಮ ಓಣಿಯ ಹೆಂಗಸರು ಒಬ್ಬರ ಮನೆಯ ಶ್ಯಾವಿಗೆಗೆ ಇನ್ನೊಬ್ಬರು ಕೈಗೂಡಿಸುತ್ತಾರೆ. ನನ್ನ ಪಾಲಿಗೆ ಬಂದ ಕೆಲಸ, ಹಸಿ ಎಳೆಗಳಿಗೆ ಹಿಟ್ಟು ಸವರಿ ಮಾಳಿಗೆಯ ಮೇಲೆ ಧೋತರ ಹಾಸಿ ಹರವುವುದು. ತಲೆಯಲ್ಲಿ ಬೆಳ್ಳಿ ತುಂಬಿಕೊಂಡವನು ಅರ್ಧಕ್ಕೆ ಹಿಟ್ಟು ಸವರುವುದನ್ನೇ ಮರೆತೆ. ಇಳಿಹೊತ್ತಿಗೆ ತೆಗೆಯಲು ಬಂದ ಅವ್ವ ಒಂದು ತುದಿ ಹಿಡಿದು ಎತ್ತಿದರೆ ಆ ಅರ್ಧವೆಲ್ಲ ಚಾಪೆಯ ಹಾಗೆ ಒಟ್ಟಿಗೇ ಎದ್ದು ಬಂತು.

"ಹಿಟ್ಟ ಸವರಲಾರದ ಹಾಸೀದಿ? ಕಲ್ತಾಂವ ಅಂತ ಕೆಲಸಾ ಹೇಳಿದ್ದಕ್ಕ ಚಲೋ ಮಾಡಿದಿ ನೋಡು" ಎಂದಳು.

ಬೈಗುಳ ಮುಗಿಯುವ ಮೊದಲೇ ನಾನು ನಗತೊಡಗಿದ್ದೆ. ಹಿಟ್ಟು ಸವರಿದ ಎಳೆಗಳೂ ಒಂದರ ಮೇಲೊಂದು ಬಿದ್ದಿದ್ದವು, ಆದರೆ ಕೂಡಿರಲಿಲ್ಲ. ಬೆಳ್ಳಿ ಎಳೆಗಳೂ ಬಾಟಲಿಯಲ್ಲಿ ಗಂಟುಕಟ್ಟದಿರಲೆಂದು ಮೈಗೊಂದು ಕರೆಂಟು ಬಿಡದ ತೆಳು ಲೇಪ ಹಚ್ಚಿಕೊಂಡೇ ಬರುತ್ತವೆ. ಪುಸ್ತಕದಲ್ಲಿ ಇದನ್ನು ಓದಿದ್ದೆ, ಇಷ್ಟರಿಂದ ಏನಾದೀತು ಎಂದು ಬಿಟ್ಟಿದ್ದೆ. ನನ್ನ ಲೆಕ್ಕದಲ್ಲಿ ತಾಗಿದ ಎಳೆಗಳೆಲ್ಲ ಕೂಡಿದಂತೆಯೇ, ದಾರಿಯಲ್ಲಿ ಎದುರಾದವರೆಲ್ಲ ಬೀಗರು! ಕಂಪ್ಯೂಟರಿನ ಮುಂದೆ ಕೂತು ಜಗತ್ತು ಕಟ್ಟುವವರು ಮಾತ್ರ ಮಾಡಬಲ್ಲ ತಪ್ಪು ಇದು.

ಪ್ರತಿಯೊಂದು ಸಂಧಿಗೂ ಅದರದೇ ತಡೆ ಕೊಟ್ಟು ಲೆಕ್ಕವನ್ನು ಹೊಸದಾಗಿ ಕಟ್ಟಿದೆ. ಹಳೆಯ ಹಾಳೆಗಳು ಯಾಕೆ ಸತ್ತವೆಂದು ಅದು ಸರಿಯಾಗಿ ಹೇಳಿತು. ಹಾಳೆಯನ್ನು ಹದವಾಗಿ ಕಾಯಿಸಿದರೆ ಲೇಪ ಸರಿದು ಬೆಳ್ಳಿಗೆ ಬೆಳ್ಳಿ ಬೆಸೆಯುತ್ತದೆ, ಆಗ ತಡೆ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನೂ ಹೇಳಿತು. ಆ ಅಂಕಿಯನ್ನು ರೆಹಾನಾಳಿಗೆ ಮೊದಲೇ ತಿಳಿಸಿ, ಇನ್ನು ಕಾಯಿಸು ಎಂದೆ. ಅವಳ ಫೋನು ಬರುವತನಕ ನಾನು ಎಷ್ಟು ಚಹಾ ಕುಡಿದೆನೋ ದೇವರೇ ಬಲ್ಲ.

"ಸರ," ಎಂದಳು. "ನೀವು ಹೇಳಿದ ಅಂಕೀನ ಬಂದೈತ್ರಿ."

ನಾನು ಗೆದ್ದಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಣ್ಣೀರು ಒರೆಸಿಕೊಂಡೆ. ನಮ್ಮೂರಿನ ಹೆಸರಾದ ಕುರುಕಲು, ಸವಣೂರು ಖಾರ, ಕಟ್ಟಿಸಿಕೊಂಡು ಹೋಗಿ ಕಾಲೇಜಿನಲ್ಲೆಲ್ಲ ಹಂಚಿದೆ. ಸಭೆಯಲ್ಲಿ ಮಾರ್ಗದರ್ಶಕರು ಹಾಳೆಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಅದಕ್ಕೆ ಜೋಡಿಸಿದ್ದ ಪುಟ್ಟ ದೀಪ ಉರಿಯುತ್ತಲೇ ಇತ್ತು. ಅಧ್ಯಾಯ ಉಳಿಯಿತು.

ರೆಹಾನಾ ಕೊಟ್ಟ ಒಂದು ತುಂಡನ್ನು ದೀಪದ ಸಮೇತ ಮನೆಗೆ ತಂದೆ. ಅವ್ವ ಅದನ್ನು ಕಣ್ಣಿಗೆ ಹಿಡಿದಳು. ಆಚೆ ಮಸೂತಿಯ ಮಿನಾರು ಸ್ವಚ್ಛವಾಗಿ ಕಂಡಿತು. ಇದರಲ್ಲಿ ಏನೂ ಇಲ್ಲವಲ್ಲ, ಇಷ್ಟಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದಳು. ಒಳಗಿನ ಬೆಳ್ಳಿ ಎಳೆ ಕಂಡರೆ ಕೆಲಸ ಕೆಟ್ಟಂತೆ ಎಂದು ಹೇಳಿ ನಾನು ಅದನ್ನು ಅವಳ ಮಣಿಕಟ್ಟಿಗೆ, ಗಾಜಿನ ಬಳೆಗಳ ಪಕ್ಕದಲ್ಲಿ, ಸುತ್ತಿ ದೀಪ ಹಚ್ಚಿದೆ. ಅವ್ವ ಕೈ ತಿರುವಿದಳು, ಮಡಚಿದಳು, ಮುಷ್ಟಿ ಕಟ್ಟಿದಳು. ದೀಪ ಆರಲಿಲ್ಲ. ಬಿಚ್ಚಿಕೊಡು ಎಂದರೆ ಕೊಡದೆ ಸೆರಗು ಹೊದ್ದು ಹೊರಗೆ ನಡೆದಳು. ಪಕ್ಕದ ಮನೆಯ ಕಟ್ಟೆಯಿಂದ ಅವಳ ದನಿ ಕೇಳಿಸಿತು:

"ನನ್ನ ಮಗಾ ಮಾಡ್ಯಾನ. ಎಳಿ ಹುಡುಕಬ್ಯಾಡ್ರಿ, ಕಾಣೂದಿಲ್ಲ. ಕಂಡ್ರ ಅಂವಾ ಮತ್ತ ಮಾಡಬೇಕಾಗತೈತಿ."