ಪಟ್ಟಿ ಅಕ್ಕ ಹೊಡೆದುಹಾಕಿದ ಸಾಲು

ಬೆಳಗಿನ ಐದು ಗಂಟೆ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕಂಪ್ಯೂಟರೊಂದು ಗುರುಗುಡುತ್ತಿದೆ. ಪರದೆ ಆರಿಸಿದೆ. ಎದುರಿಗೆ ಕೂತ ಐವತ್ತೆರಡರ ಹೆಂಗಸು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಗೋಡೆ ನೋಡುತ್ತಾ ಕೀಲಿ ಒತ್ತುತ್ತಿದ್ದಾರೆ. ಪರದೆಯ ಮೇಲೆ ಇರಬೇಕಾದ ಅಕ್ಷರಗಳನ್ನು ಯಂತ್ರ ಗಟ್ಟಿಯಾಗಿ ಓದಬೇಕು. ಮೂರನೆಯ ಸಲಕ್ಕೆ ಓದುತ್ತದೆ.

"ಮಾತಾಡ್ತು," ಎನ್ನುತ್ತಾ ಆರಿದ ಚಹಾಕ್ಕೆ ಕೈ ಹಾಕುತ್ತಾರೆ.

ಹಗಲು ಇವರು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಾರೆ. ಬೆಳಗಿನ ಎರಡು ತಾಸು ಲಿನಕ್ಸ್‌ಗೆ ಮೀಸಲು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ, ಕಂಪ್ಯೂಟರ್ ನಡೆಸುವ ಈ ವ್ಯವಸ್ಥೆಯನ್ನು ಬೇರೆ ಬೇರೆ ತಂಡಗಳು ಸಾವಿರಾರು ತಂತ್ರಾಂಶಗಳ ಜೊತೆ ಸೇರಿಸಿ ಹಂಚುತ್ತವೆ. ಹಾಗೆ ಕಟ್ಟಿಟ್ಟ ಒಂದೊಂದು ತಂತ್ರಾಂಶವೂ ಒಂದು ಪ್ಯಾಕೇಜ್. ಅಂಥದೊಂದು ತಂಡದಲ್ಲಿ ಹನ್ನೊಂದು ವರ್ಷಗಳಿಂದ ಇವರದು ಒಂದೇ ಕೆಲಸ. ಹೊಸ ಆವೃತ್ತಿಯಲ್ಲಿ ಯಾವ ಪ್ಯಾಕೇಜ್ ಹೋಯಿತು, ಯಾವುದು ಬಂತು, ಯಾವ ಸೆಟ್ಟಿಂಗನ್ನು ಬಳಸುವವರೇ ಬದಲಿಸಿಕೊಳ್ಳಬೇಕು ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಪಟ್ಟಿ ಮಾಡಿ ಬರೆಯುವುದು. ದಿನಕ್ಕೆ ನಲವತ್ತು ಬದಲಾವಣೆ ಓದಿದರೆ ಮೂರೋ ನಾಲ್ಕೋ ಪಟ್ಟಿಗೆ ಸೇರುತ್ತವೆ. ತಂಡದವರ ಬಾಯಲ್ಲಿ ಇವರು 'ಪಟ್ಟಿ ಅಕ್ಕ'.

"ಹನ್ನೊಂದು ವರ್ಷದಿಂದ ಬರೀತಾಳೆ, ಓದಿದೋರು ಒಬ್ಬರೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಾನೂ ಓದಿಲ್ಲ ಅನ್ನಿ," ಎಂದು ಶಾಲಾ ವ್ಯಾನ್ ಓಡಿಸುವ ಗಂಡ ನಗುತ್ತಾರೆ. ಹೆಂಡತಿ ನಗುವುದಿಲ್ಲ.

"ಮೂರು ವರ್ಷದ ಹಿಂದಿನ ಮಾತು. ಪಟ್ಟಿ ಉದ್ದ ಆಯ್ತು ಅಂತ ತಂಡದಲ್ಲಿ ಗೊಣಗಾಟ ಶುರುವಾಗಿತ್ತು. ನಾನೂ ಕತ್ತರಿ ಹಿಡ್ಕೊಂಡು ಕೂತೆ. ಧ್ವನಿಯ ಹಳೇ ಪ್ಯಾಕೇಜ್ ತೆಗೆದು ಹೊಸದು ಹಾಕಿದ್ರು. ಪರದೆ ಓದಿ ಹೇಳೋ ತಂತ್ರಾಂಶ ಬಳಸೋರು ಮೊದಲೇ ಸೆಟ್ಟಿಂಗಲ್ಲಿ ಒಂದು ಪದ ಬದಲಿಸ್ಕೋಬೇಕಿತ್ತು. ಆ ಸಾಲು ಬರೆದಿದ್ದೆ. ಎಷ್ಟು ಜನಕ್ಕೆ ಬೇಕಾದೀತು ಅಂದ್ಕೊಂಡು ನಾನೇ ಹೊಡೆದುಹಾಕಿದೆ."

ಒಬ್ಬರಿಗಂತೂ ಬೇಕಿತ್ತು. ಕಣ್ಣು ಕಾಣದ, ಒಂಟಿಯಾಗಿ ಬದುಕುವ ಬೆರಳಚ್ಚುಗಾರರು ಅವರು. ಕಚೇರಿಯೊಂದರ ಸಭೆಗಳ ಧ್ವನಿಮುದ್ರಣ ಕೇಳಿ ಬರಹಕ್ಕಿಳಿಸುವುದು ಅವರ ಕಸುಬು. ಪ್ರತಿ ಸಲವೂ ಪಟ್ಟಿಯನ್ನು ಕೊನೆತನಕ ಕೇಳಿಸಿಕೊಂಡೇ ಹೊಸ ಆವೃತ್ತಿ ಹಾಕಿಕೊಳ್ಳುತ್ತಿದ್ದರು. ಆ ಸಲವೂ ಹಾಗೇ ಮಾಡಿದರು. ಯಂತ್ರ ಮೂಕವಾಯಿತು. ಪರವೂರಿನ ತಂಗಿ ಬಂದು, ತಂಡಕ್ಕೆ ಬರೆದು ಕೇಳುವ ಹೊತ್ತಿಗೆ ಒಂಬತ್ತು ದಿನ ಕಳೆದಿತ್ತು.

ಪತ್ರ ಓದಿದ ಪಟ್ಟಿ ಅಕ್ಕ ಆ ಕ್ಷಣವೇ ಫೋನ್ ಮಾಡಿದರು. ತಂಗಿಯ ಕೈಯಲ್ಲಿ ಆ ಪದ ಬದಲಾಯಿಸಿ, ಯಂತ್ರ ಮಾತಾಡಿದ ಮೇಲೆ ಅಣ್ಣನಿಗೆ ಫೋನ್ ಕೊಡಿ ಎಂದರು.

"ಸಾಲು ಬರೆದಿದ್ದೆ ಸರ್, ನಾನೇ ತೆಗೆದೆ ಅಂದೆ. ಅವರು ಬೈಲಿಲ್ಲ. 'ನಿಮ್ಮ ಪಟ್ಟೀಲಿ ಏನೂ ಇರ್ಲಿಲ್ವಲ್ಲಮ್ಮ, ಅದಕ್ಕೇ ಕಂಪ್ಯೂಟರ್ ಮೇಲೆ ಅನುಮಾನನೇ ಬರಲಿಲ್ಲ. ಕಿವೀನೂ ಹೋಯ್ತೇನೋ ಅಂತ ಎದೆ ಝಲ್ ಅಂತು. ಪಕ್ಕದ ಮನೆ ಬಾಗಿಲು ಬಡಿದ ಸದ್ದು ಕೇಳಿದಾಗ ಜೀವ ಬಂತು' ಅಂದ್ರು. ಬೈದಿದ್ರೆ ಎಷ್ಟೋ ವಾಸಿಯಿತ್ತು."

ಮರುದಿನವೇ ಸಾಲು ಪಟ್ಟಿಗೆ ಸೇರಿತು. ಆದರೆ ಅಷ್ಟರಲ್ಲಿ ಬೆರಳಚ್ಚುಗಾರರ ಕೆಲಸ ಬೇರೆಯವರ ಪಾಲಾಗಿತ್ತು. ತಪ್ಪು ತನ್ನದೆಂದು ಪಟ್ಟಿ ಅಕ್ಕ ಆ ಕಚೇರಿಗೆ ಎರಡು ಪತ್ರ ಬರೆದರು, ಉತ್ತರ ಬರಲಿಲ್ಲ. ಬೆರಳಚ್ಚುಗಾರರು ಈಗ ಗೋದಾಮೊಂದರಲ್ಲಿ ಫೋನ್ ಎತ್ತುತ್ತಾರೆ. ಟೈಪು ಮಾಡುವ ಕೆಲಸ ಮತ್ತೆ ಸಿಕ್ಕಿಲ್ಲ.

ಅಂದಿನಿಂದ ಪಟ್ಟಿ ಅಕ್ಕ ಒಂದು ಸಾಲನ್ನೂ ಕತ್ತರಿಸಿಲ್ಲ. ಪರದೆ ಆರಿಸಿ, ಹೊಸ ಆವೃತ್ತಿ ಮಾತಾಡುತ್ತದೆಯೇ ಎಂದು ತಾವೇ ಕೇಳಿ ನೋಡುತ್ತಾರೆ. ಪ್ರತಿ ಹೊಸ ಆವೃತ್ತಿಗೂ ಮೊದಲು ಬೆರಳಚ್ಚುಗಾರರಿಗೆ ಫೋನ್ ಮಾಡಿ ಪಟ್ಟಿಯನ್ನು ಪೂರ್ತಿ ಓದಿ ಹೇಳುತ್ತಾರೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಅವರು ಸಾವಧಾನವಾಗಿ ಕೇಳಿಸಿಕೊಂಡು, "ನಾನು ಇದರಲ್ಲೇ ಇರ್ತೀನಮ್ಮ" ಎನ್ನುತ್ತಾರೆ. ಅವರು ಹಿಡಿದುಕೊಂಡಿರುವ ಮೂರು ವರ್ಷ ಹಳೆಯ ಆ ಆವೃತ್ತಿಗೆ ಭದ್ರತೆಯ ತಿದ್ದುಪಡಿಗಳು ಈ ವರ್ಷಕ್ಕೆ ನಿಲ್ಲುತ್ತವೆ. ಆಮೇಲೆ ಅದನ್ನು ಬಳಸುವುದು ಅಪಾಯ.

"ಹೊಸದು ಹಾಕ್ಕೊಳ್ಳಿ ಅನ್ನೋಕೆ ನನಗೆ ಬಾಯಿ ಬರಲ್ಲ," ಎನ್ನುತ್ತಾರೆ ಪಟ್ಟಿ ಅಕ್ಕ. "ಅವರಾಗೇ ಒಂದಿನ ಹಾಕ್ಕೊಂಡ್ರೆ ಸಾಕು. ಈ ಸಲದ ಪಟ್ಟಿ ಪೂರ್ತಿ ಇದೆ. ನಾನು ಹೇಳಬಹುದಾದ್ದು ಅಷ್ಟೇ."