ಗಂಡನ ಹೆಸರಿಗೊಬ್ಬ ಸಲಹೆಗಾರ

ನಿಮ್ಮ ಗಂಡನ ಹೆಸರು ಹೇಳುವುದಕ್ಕೆ ನೀವು ಎಂದಾದರೂ ಹೊರಗಿನ ಸಲಹೆಗಾರರನ್ನು ಗೊತ್ತು ಮಾಡಿಕೊಂಡಿದ್ದೀರಾ? ನಗಬೇಡಿ. ನಾನು ಮಾಡಿಕೊಂಡಿದ್ದೆ. ಹಾವೇರಿಯಲ್ಲಿ ಕೂತು, ಹೊಸದಾಗಿ ಕಲಿತ ಒಂಟಿ ಬೆರಳಿನ ಟೈಪಿಂಗಿನಲ್ಲಿ, ರಾಣೆಬೆನ್ನೂರಿನಿಂದ ಸಲಹೆ ತರಿಸಿಕೊಂಡೆ.

ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಸುಮ್ಮನೆ ಹೇಳಿಬಿಡುವಂತಿಲ್ಲ. ಮದುವೆಯೋ ತೊಟ್ಟಿಲೋ ಯಾವುದೇ ಕಾರ್ಯವಿರಲಿ, ಸುತ್ತ ಕೂತ ಹೆಂಗಸರು "ಹೆಸರ ಹೇಳ" ಎಂದು ಗಂಟುಬೀಳುತ್ತಾರೆ. ಆಗ ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಕೂರಿಸಿ ಹೇಳಬೇಕು. ಅದೇ ಒಡಪು. ನನ್ನದು ಮದುವೆಯಾದ ವರ್ಷವೇ ತಯಾರಾದದ್ದು:

"ಹಿತ್ತಲದಾಗ ಬೆಳದೈತಿ ಬದನಿಕಾಯಿ,
ವೀರಭದ್ರಪ್ಪನವರ ಹೆಸರ ಹೇಳತೇನಿ, ಮುಚ್ಚರ್ರಿ ಬಾಯಿ."

ಐವತ್ತು ವರ್ಷ ಇದೊಂದರಲ್ಲೇ ಸಂಸಾರ ಸಾಗಿತು. ಈಚೆಗೆ ಮಾತ್ರ ನಾನು "ಹಿತ್ತಲದಾಗ" ಎನ್ನುವಷ್ಟರಲ್ಲಿ ತೊಡೆಯ ಮೇಲಿನ ಕೂಸುಗಳೂ "ಮುಚ್ಚರ್ರಿ ಬಾಯಿ" ಎಂದು ಮುಗಿಸಿಬಿಡುತ್ತವೆ.

ಮೊಮ್ಮಗಳು ಸಹನಾಳಿಗೆ ಏಳು ತಿಂಗಳು ತುಂಬಿ, ಗಂಡನ ಮನೆ ಬ್ಯಾಡಗಿಯಲ್ಲಿ ಕುಬಸದ ಕಾರ್ಯ, ನಿಮ್ಮ ಕಡೆಯ ಸೀಮಂತ, ನಿಶ್ಚಯವಾಯಿತು. ಅವಳ ಅತ್ತೆ ಗಂಗವ್ವ, ಅಂದರೆ ನಮ್ಮ ಬೀಗಿತ್ತಿ, ಫೋನು ಮಾಡಿ ಕರೆಯುತ್ತಲೇ ಚುಚ್ಚಿದಳು. "ಬರ್ರಿ, ಆದರ ಬದನಿಕಾಯಿ ಮನ್ಯಾಗ ಬಿಟ್ಟು ಬರ್ರಿ."

ನನಗೆ ರೋಷ ಬಂತು. "ಈ ಸಲ ಹೊಸಾದು ಹೇಳತೇನಿ. ಮತ್ತ ಹಳೇದ ಹೇಳಿದರ, ಇನ್ನ ಯಾವ ಕಾರ್ಯದಾಗೂ ಒಡಪಿಗೆ ಬಾಯಿ ತೆಗಿಯಂಗಿಲ್ಲ" ಎಂದುಬಿಟ್ಟೆ. ಅವಳು ಆ ಮಾತನ್ನು ಅಂದೇ ಎರಡೂ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಮೂವತ್ತೆರಡು ಜನ ಹೆಬ್ಬೆರಳೆತ್ತಿ ಒಪ್ಪಿಗೆ ಕೊಟ್ಟರು.

ನಾಲ್ಕು ದಿನ ಹಿತ್ತಲಿನಲ್ಲಿ ತಿರುಗಿದೆ. ಬದನೆ ಬಿಟ್ಟರೆ ಹೀರೆ, ಹೀರೆ ಬಿಟ್ಟರೆ ಸೌತೆ. ಕಲ್ಪನೆ ಕಾಯಿಪಲ್ಲೆ ದಾಟಲಿಲ್ಲ. ಹೊರಗಿನವರನ್ನು ಕರೆಯಲೇಬೇಕೆಂದು ಆಗ ಹೊಳೆಯಿತು.

ಇದರಲ್ಲಿ ನಾಚಿಕೆಯೇನೂ ಇಲ್ಲ. ನನ್ನ ತವರೂರಿನಲ್ಲಿ ನಾಟಕ ಆಡುವಾಗ ಊರ ತುಂಬ ಹಾಡುವವರಿದ್ದರೂ ನಾಟಕದ ಮಾಸ್ತರರನ್ನು ಬೇರೆ ಊರಿನಿಂದಲೇ ತರಿಸುತ್ತಿದ್ದರು. ಊರಿನವನೇ ಮಾಸ್ತರನಾದರೆ ಗೌಡರ ಮಗನಿಗೆ "ನಿನ್ನ ದನಿ ಕತ್ತಿ ಒದರಿದಂಗೈತಿ" ಎಂದು ಹೇಳುವುದು ಹೇಗೆ? ಹೊರಗಿನವನಾದರೆ ಬೈದು, ಉಂಡು, ಬಸ್ಸು ಹತ್ತುತ್ತಾನೆ. ನಮ್ಮ ಹಾವೇರಿಯ ಹಳೆಯ ಕಲ್ಲಿನ ಗುಡಿ ನೋಡಿ, ಎಲ್ಲ ಗುಡಿಗಳೂ ಮೂಡಣಕ್ಕೆ ಮುಖ ಮಾಡಿದರೆ ಇದು ಪಡುವಣಕ್ಕೆ. ಪಂಡಿತರು ಕಾರಣ ಹುಡುಕುತ್ತಲೇ ಇದ್ದಾರೆ. ಯಾವುದೋ ರಾಜ ಹೊರಗಿನ ಸಲಹೆಗಾರನನ್ನು ಕರೆಸಿದ್ದ ಎಂದು ನನ್ನ ಅನುಮಾನ. ಅಷ್ಟು ದೂರದಿಂದ ಬಂದವನು ಏನಾದರೂ ಬದಲಾಯಿಸದೆ ಹೋಗುತ್ತಾನೆಯೇ?

ನನಗೆ ಸಿಕ್ಕವರು ರಾಣೆಬೆನ್ನೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಒಬ್ಬ ಕವಿಗಳು. ಪತ್ರಿಕೆಯ ತಲೆಮೇಲಿನ ಪದ್ಯವೂ ಅವರದೇ. ಸಂಭಾವನೆ ಒಂದು ಡಬ್ಬಿ ಶೇಂಗಾ ಹೋಳಿಗೆ ಎಂದು ಮಾತಾಯಿತು. ಒಂದು ಮಧ್ಯಾಹ್ನ ಅವರೇ ಫೋನು ಮಾಡಿದರು.

"ಅವ್ವಾರ, ಸುಮ್ಮ ಸುಮ್ಮನ ಬರಿಯಾಕ ಬರಂಗಿಲ್ಲ. ಮೊದಲ ಯಜಮಾನರ ಮಾಹಿತಿ ಬೇಕು. ಅವರಿಗೆ ಏನ ಇಷ್ಟ?"

ಅವರಿಗೆ ಬೇಡವಾದದ್ದರ ಪಟ್ಟಿ ನನಗೆ ಬಾಯಿಪಾಠ: ಉಪ್ಪಿಟ್ಟಿನಲ್ಲಿ ಗಜ್ಜರಿ, ಕಿರುಗುಡುವ ಫ್ಯಾನು, ನನ್ನ ತಂಗಿ. ಬೇಕಾದದ್ದು? ಸ್ಪೀಕರ್ ಹಾಕಿ ಫೋನನ್ನು ಅವರ ಮುಂದೆಯೇ ಹಿಡಿದೆ. ಪೇಪರು ಓದುತ್ತಿದ್ದ ನಮ್ಮವರು ರೇಡಿಯೋ ಸಂದರ್ಶನಕ್ಕೆ ಕೂತವರಂತೆ ಅಂಗಿ ಸರಿಮಾಡಿಕೊಂಡರು.

"ನನಗ ಸಂಜಿ ವಾಕಿಂಗ್ ಭಾಳ ಇಷ್ಟ್ರಿ."

"ಭಾಳ ಚಲೋ ಹವ್ಯಾಸ ಸರ. ಎಲ್ಲೀತನಕ ಹೋಗತೀರಿ?"

"ಹೀಂಗ... ಬಸ್‌ಸ್ಟ್ಯಾಂಡ್ ಮಗ್ಗಲದ ಮಿರ್ಚಿ ಗಾಡೀತನಕ."

ಎಣ್ಣೆಯಲ್ಲಿ ಕರಿದದ್ದು ಮುಟ್ಟಬಾರದೆಂದು ಡಾಕ್ಟರು ಹೇಳಿ ಮೂರು ವರ್ಷ. ದಿನಾ ನಡೆದರೂ ತೂಕ ಇಳಿಯುತ್ತಿಲ್ಲವೆಂದು ನಾನು ಇಬ್ಬರು ಡಾಕ್ಟರರನ್ನು ಬದಲಾಯಿಸಿದ್ದೆ! ಮೂರು ವರ್ಷ ನನಗೆ ಗೊತ್ತಾಗದ್ದನ್ನು ಮುಖ ನೋಡದ ಮನುಷ್ಯ ಎರಡೇ ಪ್ರಶ್ನೆಯಲ್ಲಿ ಹೊರಗೆ ಹಾಕಿದ. ಹೊರಗಿನವರನ್ನು ಕರೆದರೆ ಏನು ಬಂತು ಎಂದು ಕೇಳುವವರು ಈ ಸಾಲನ್ನು ಮತ್ತೊಮ್ಮೆ ಓದಿಕೊಳ್ಳಬೇಕು.

ಮೂರನೆಯ ದಿನಕ್ಕೆ ವಾಟ್ಸಾಪಿನಲ್ಲಿ ಒಡಪು ಬಂತು. ಸುತ್ತಲೂ ಗುಲಾಬಿ ಹೂವಿನ ಅಂಚು.

"ಗಗನದ ಅಂಗಳದಲಿ ಪೂರ್ಣಚಂದಿರನ ಕಾಂತಿ,
ವೀರಭದ್ರಪ್ಪನವರ ಸನ್ನಿಧಿಯಲಿ ಸದಾ ನನಗೆ ಶಾಂತಿ."

ಇದರಲ್ಲಿ ಹೆಸರೊಂದನ್ನು ಬಿಟ್ಟು ನಮ್ಮ ಮನೆಯದು ಏನೂ ಇರಲಿಲ್ಲ. ಆದರೂ ಪ್ರಾಸ ಗಟ್ಟಿಯಾಗಿತ್ತು. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಬಾಯಿಪಾಠ ಮಾಡಿದೆ.

ಬ್ಯಾಡಗಿಯಲ್ಲಿ ಆರತಿ ಮುಗಿದು, ಸಹನಾಳಿಗೆ ಹಸಿರು ಬಳೆ ತೊಡಿಸಿದ್ದಾಯಿತು. ಹೆಂಗಸರೆಲ್ಲ ನನ್ನತ್ತ ತಿರುಗಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಂಗವ್ವ ಎದ್ದಳು.

"ತಡೀರಿ, ಮನಿಯಾಕಿ ನಾ. ಮೊದಲ ನಂದು." ಸೆರಗು ಹೊದ್ದುಕೊಂಡು ರಾಗವಾಗಿ ಶುರುಮಾಡಿದಳು:

"ಗಗನದ ಅಂಗಳದಲಿ ಪೂರ್ಣಚಂದಿರನ ಕಾಂತಿ,
ಬಸವಣ್ಣೆಪ್ಪನವರ ಸನ್ನಿಧಿಯಲಿ ಸದಾ ನನಗೆ ಶಾಂತಿ."

ಇವಳೂ ಅವರಿಗೇ ಹೋಳಿಗೆ ಕಳಿಸಿದ್ದಳು! ಲಗ್ನಪತ್ರಿಕೆಯವರ ರೂಢಿಯೇ ಹಾಗಲ್ಲವೇ? ಪದ್ಯ ಅದೇ, ಕೆಳಗಿನ ಹೆಸರು ಬೇರೆ. ಕವಿಗಳು ತಮ್ಮ ಕಸುಬನ್ನು ನಿಯತ್ತಾಗಿ ಮಾಡಿದ್ದರು.

"ಹೇಳ ಅಜ್ಜಿ, ಹೇಳ" ಎಂದು ಸಹನಾ ಅವಸರ ಮಾಡಿದಳು. ಮೂಲೆಯಿಂದ ಯಾರೋ ಆಗಲೇ "ಹಿತ್ತಲದಾಗ..." ಎಂದು ಎಳೆಯತೊಡಗಿದ್ದರು. ಹಳೆಯದಕ್ಕೆ ಹೋದರೆ ಬಾಯಿಗೆ ಬೀಗ. ಹೊಸದು ಈಗಷ್ಟೇ ಗಂಗವ್ವನ ಪಾಲಾಗಿತ್ತು. ಆ ಸಂಕಟದಲ್ಲಿ ಬಾಯಿಗೆ ಏನು ಬಂತೋ ಅದನ್ನೇ ಹೇಳಿದೆ:

"ಡಾಕ್ಟರ ಹೇಳ್ಯಾರಂತ ದಿನಾ ಸಂಜಿಕ ಹೊಂಟಾರ ವಾಕ,
ವೀರಭದ್ರಪ್ಪನವರಿಗೆ ಮಿರ್ಚಿ ಗಾಡಿ ಸಿಕ್ಕರ ಅಷ್ಟ ಸಾಕ!"

ನಗು ಎಷ್ಟು ಜೋರಾಯಿತೆಂದರೆ ಪಡಸಾಲೆಯ ಗಂಡಸರು ಎದ್ದು ಬಂದು ಇಣುಕಿದರು. ಸಹನಾ ಹೊಟ್ಟೆ ಹಿಡಿದುಕೊಂಡು "ಸಾಕವ್ವ, ಇಲ್ಲೇ ಹಡೀತೇನಿ" ಎಂದಳು. ಗಂಗವ್ವ ಕಣ್ಣೊರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ ಕೇಳಿದಳು, "ಇದನ್ನ ಯಾರ ಕಡೆ ಬರಿಸಿದ್ರಿ?" ನಾನು ಹೇಳಲಿಲ್ಲ. ವ್ಯಾಪಾರದ ಗುಟ್ಟು.

ಹಾವೇರಿಗೆ ಮರಳುವ ಬಸ್ಸಿನಲ್ಲಿ ನಮ್ಮವರು ಕಿಟಕಿಯತ್ತ ಮುಖ ಮಾಡಿ ಕೂತಿದ್ದರು. ನಾನೇ ಕೆಣಕಿದೆ.

"ಏನ್ರೀ, ಮೂರು ವರ್ಷ ನನ್ನ ಮುಂದ ಮುಚ್ಚಿಟ್ಟಿದ್ದನ್ನ ಗುರ್ತಿಲ್ಲದ ಮನಶ್ಯಾನ ಮುಂದ ಹೆಂಗ ಹೇಳಿದ್ರಿ?"

ಅವರು ತಿರುಗಿಯೂ ನೋಡಲಿಲ್ಲ.

"ಅಂವ ಕೇಳಿದ, ಹೇಳಿದೆ. ನೀ ಎಂದಾರ ಕೇಳೀಯೇನ? ಬರೇ ಹೇಳತೀ."