ಆಮೆಬಂಡೆಯೂ ಉಷಾರಾಣಿಯ ಪಿಕಪ್ಪೂ

ಹೆಂಡತಿಗೆ ಹೆದರುವ ಗಂಡಂದಿರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಕುಶಾಲನಗರದಾಚೆ ಶುಂಠಿ ಬೆಳೆಯುವ ಸತೀಶ ಆ ಪೈಕಿ ಅಲ್ಲ. ಅವನಿಗೆ ಹೆಂಡತಿಯನ್ನು ಕಂಡರೆ ಬೆರಗು. ಮದುವೆಯಾಗಿ ಇಷ್ಟು ವರ್ಷವಾದರೂ ಅದು ಇಳಿದಿಲ್ಲ. ಇಳಿಯುವುದಾದರೂ ಹೇಗೆ ಹೇಳಿ? ಶುಂಠಿ ಸಾಗಿಸಲೆಂದು ಅವನು ತಂದ ಪಿಕಪ್ಪನ್ನು ಒಂದು ದಿನ ‘ಸ್ವಲ್ಪ ಓಡಿಸಿ ನೋಡ್ತೀನಿ’ ಎಂದು ತೆಗೆದುಕೊಂಡು ಹೋದ ಉಷಾರಾಣಿ ಇವತ್ತಿನವರೆಗೂ ಸ್ಟೇರಿಂಗು ವಾಪಸು ಕೊಟ್ಟಿಲ್ಲ. ಸೀಸನ್ ಬಂತೆಂದರೆ ಬೆಳಿಗ್ಗೆ ಊರಿನ ಹೆಂಗಸರನ್ನು ಹಿಂದೆ ಹತ್ತಿಸಿಕೊಂಡು ಸೋಮವಾರಪೇಟೆ ಮೇಲಿನ ಎಸ್ಟೇಟಿಗೆ ಕಾಫಿ ಪಿಕಿಂಗಿಗೆ ಬಿಡುತ್ತಾಳೆ, ಸಂಜೆ ಕರೆತರುತ್ತಾಳೆ.

ಈ ವರ್ಷದ ಮಳೆ ಎಸ್ಟೇಟಿನ ಏರುದಾರಿಯ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಯಿತು. ನೆಲದೊಳಗಿದ್ದ ಬಂಡೆಯೊಂದು ದಾರಿಯ ಮಧ್ಯೆ ಬೆನ್ನೆತ್ತಿ ಕೂತಿತು. ಹೆಂಗಸರು ಅದಕ್ಕೆ ಆಮೆಬಂಡೆ ಎಂದು ಹೆಸರಿಟ್ಟರು. ಪಿಕಪ್ಪಿನ ಹೊಟ್ಟೆ ಅದಕ್ಕೆ ತಾಗಿ ಕಿರ್ರೆನ್ನುತ್ತಿತ್ತು. ಎಸ್ಟೇಟಿನ ಆಳು-ಲೆಕ್ಕ ನೋಡುವ ರೈಟರು ಅನಿಲ್‌ಕುಮಾರ್ ಖಡಾಖಂಡಿತವಾಗಿ ಹೇಳಿಬಿಟ್ಟರು: “ಆಯುಧಪೂಜೆ ಮಾರನೇ ದಿನ ಮೊದಲನೇ ಪಿಕಿಂಗು. ಗಾಡಿ ಮೇಲಕ್ಕೆ ಬಂದ್ರೆ ಸೀಸನ್ ನಿಮ್ದು ಉಷಕ್ಕ. ಇಲ್ಲಾಂದ್ರೆ ಜೀಪಿನವರಿಗೆ ಹೇಳ್ತೀನಿ.” ಜೀಪಿನವರು ಬರುವುದು ತಮ್ಮದೇ ಆಳುಗಳನ್ನು ಕಟ್ಟಿಕೊಂಡು. ಹಾಗಾದರೆ ಊರಿನ ಇಷ್ಟೂ ಹೆಂಗಸರ ಈ ಸೀಸನ್ನಿನ ಕೆಲಸ ಹೋದಂತೆಯೇ.

“ನಾನು ಗಾಡಿ ಎತ್ತರ ಮಾಡಿಸ್ಕೊಂಡು ಬರ್ತೀನಿ, ನೀನು ಮನೆ ಕೆಲಸ ನೋಡ್ಕೋ” ಎಂದು ಸತೀಶ ಹಬ್ಬದ ಹಿಂದಿನ ದಿನ ಗಾಡಿಯನ್ನು ಸೋಮವಾರಪೇಟೆಯ ಮೆಕ್ಯಾನಿಕ್ ಮಿಲನ್ ಬಳಿ ಒಯ್ದ. ಮಿಲನ್ ಬಿಡಿಸಿ ಹೇಳಿದ. ಚಾಸಿ, ಅಂದರೆ ಅಡಿಯ ಚೌಕಟ್ಟಿನ ಮೇಲೆ ಗಟ್ಟಿ ಬ್ಲಾಕ್ ಇಟ್ಟು ಬಾಡಿಯನ್ನಷ್ಟೇ ಎತ್ತುವುದು ಒಂದು ದಾರಿ, ಸಂಜೆಗೆ ಮುಗಿಯುತ್ತದೆ. ಕೆಳಗಿನ ಸ್ಪ್ರಿಂಗಿನ ಕಮಾನು ಪಟ್ಟಿ ಬದಲಿಸಿ ಚಾಸಿಯನ್ನೇ ಎತ್ತುವುದು ಇನ್ನೊಂದು. “ಬಂಡೆ ದಾಟೋಕೆ ಅದೇ ಸರಿ ಅಣ್ಣ. ಆದ್ರೆ ಪಟ್ಟಿ ಮೈಸೂರಿಂದ ಬರ್ಬೇಕು, ಒಂದು ವಾರ ಗಾಡಿ ಇಲ್ಲೇ ಬಿಡಿ.”

ಒಂದು ವಾರವಂತೆ! ರೈಟರ ಗಡುವು ಹಾಗಿರಲಿ, ಆಯುಧಪೂಜೆಯ ದಿನ ಗಾಡಿ ಗ್ಯಾರೇಜಿನಲ್ಲಿ, ಮನೆಯಲ್ಲಿ ಬರೀ ಕುಂಬಳಕಾಯಿ! ನಮ್ಮ ಕಡೆ ಯಾವ ಗಂಡಸಾದರೂ ಇದಕ್ಕೆ ಒಪ್ಪುತ್ತಾನೆಯೇ? “ಬ್ಲಾಕೇ ಹಾಕಪ್ಪ” ಎಂದ ಸತೀಶ.

ಪೂಜೆಯ ದಿನ ಚೆಂಡುಹೂವಿನ ಹಾರ ಹಾಕಿಕೊಂಡು ಗಾಡಿ ಅಂಗಳದಲ್ಲಿ ನಿಂತಿತು ನೋಡಿ, ಅಮ್ಮತ್ತಿ ಕಡೆಯ ಪ್ಲಾಂಟರುಗಳ ಜೀಪೂ ನಾಚಬೇಕು. ಸತೀಶನ ಮೀಸೆ ತಾನಾಗಿ ಮೇಲೆದ್ದಿತು. ಉಷಾರಾಣಿ ಚಕ್ರಗಳಿಗೆ ನಿಂಬೆಹಣ್ಣು ಇಡಲು ಬಗ್ಗಿದವಳು ಹಾಗೇ ಗಾಡಿಯ ಅಡಿಗೆ ಇಣುಕಿದಳು.

“ಅಲ್ಲಾ ಕಣ್ರೀ, ತಲೆ ಮೇಲೆ ಹೋಗಿದೆ. ಹೊಟ್ಟೆ ಅಲ್ಲೇ ಇದೆಯಲ್ಲ?”

ಸತೀಶ ಮಿಲನ್ ಹೇಳಿದ್ದನ್ನೆಲ್ಲ, ಕಮಾನು ಪಟ್ಟಿಯ ಒಂದು ವಾರದ ಮಾತನ್ನೂ ಸೇರಿಸಿ, ಒಪ್ಪಿಸಿಬಿಟ್ಟ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಅವನೂ ಜೊತೆಗೆ ಹೊರಟ. ಆಮೆಬಂಡೆ ಬಂತು. ಬಂಡೆಯನ್ನು ನಡುವೆ ಬಿಟ್ಟು ಹೋದರೆ ಹೊಟ್ಟೆ ಸಿಕ್ಕಿಬೀಳುತ್ತದೆ, ಎಡಚಕ್ರವನ್ನು ಅದರ ಮೇಲೆಯೇ ಹತ್ತಿಸಬೇಕು. ಹತ್ತಿಸಿದರೆ ಗಾಡಿ ಬಲಕ್ಕೆ, ಕಣಿವೆಯತ್ತ ವಾಲುತ್ತದೆ. ಬಾಡಿ ಬೇರೆ ಎತ್ತರವಾಗಿದೆ, ಇನ್ನೂ ಹೆಚ್ಚು ವಾಲುತ್ತದೆ. ಉಷಾರಾಣಿ ಎಲ್ಲರನ್ನೂ ಇಳಿಸಿದಳು. ಆಗ ಪಿಕಿಂಗಿನವರಲ್ಲೇ ಹಿರಿಯಳಾದ ದೊಡ್ಡಿ ದಾರಿಯನ್ನೊಮ್ಮೆ ನೋಡಿ, ಸೀರೆ ಎತ್ತಿ ಕಟ್ಟಿ ಮತ್ತೆ ಗಾಡಿ ಹತ್ತಿದಳು. “ಎಡಕ್ಕೆ ಭಾರ ಬೇಕವ್ವಾ. ಗಾಡಿ ಬಿದ್ರೂ ಈ ಕಡೆ ಗುಡ್ಡದ ದರೆ ಐತೆ, ಹಾರ್ಕೋತೀವಿ. ನೀ ಓಡ್ಸು.”

ಒಬ್ಬಳ ಹಿಂದೆ ಒಬ್ಬಳು ಹತ್ತಿದರು. ಎಡಗಡೆಯ ಸರಳು ಹಿಡಿದು, ಹೊರಗಿನ ಅಂಚಿಗೆ ಕಾಲು ಕೊಟ್ಟು, ಮೈಯನ್ನೆಲ್ಲ ದರೆಯತ್ತ ಚೆಲ್ಲಿ ಸಾಲಾಗಿ ನಿಂತರು. ಉಷಾರಾಣಿ ಒಮ್ಮೆ ಹಿಂತಿರುಗಿ ನೋಡಿ ಫಸ್ಟ್ ಗೇರ್ ಹಾಕಿದಳು. ಚಕ್ರ ಬಂಡೆ ಏರಿತು. ಗಾಡಿ ಕಣಿವೆಯ ಕಡೆ ವಾಲಿತು, ವಾಲಿತು, ಅಬ್ಬಬ್ಬಾ, ಅಲ್ಲಿಯೇ ನಿಂತಿತು! ಹೆಂಗಸರು ಇನ್ನಷ್ಟು ಹೊರಕ್ಕೆ ಬಾಗಿದರು. ಒಬ್ಬಳೂ ಹಿಡಿದ ಸರಳು ಬಿಡಲಿಲ್ಲ. ಸತೀಶ ಕೆಳಗೆ ನಿಂತು ನೋಡಿದ. ತನ್ನ ಊರಿನವರೇ, ದಿನಾ ನೋಡುವವರೇ. ಇಂಥವರು ಇವರು ಎಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ. ಗಾಡಿ ಮೆಲ್ಲನೆ ಉರುಳಿ ಬಂಡೆಯ ಆಚೆ ಇಳಿಯಿತು.

ಮೇಲೆ ಕಾಯುತ್ತಿದ್ದ ಅನಿಲ್‌ಕುಮಾರ್ ಮುಖ ಅರಳಿತು. “ಬಂತಲ್ಲ ಗಾಡಿ! ಸೀಸನ್ ನಿಮ್ದೇ ಉಷಕ್ಕ.”

ಅವಳು ತಲೆಯಾಡಿಸಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಹಿಂದೆಯೇ ಏರಿ ಬಂದಿದ್ದ ಸತೀಶ ಹಾಗೇ ಆಗಲಿ ಎಂದು ಮನಸ್ಸಿನಲ್ಲಿ ಸಾವಿರ ದೇವರಿಗೆ ಕೈಮುಗಿದ. ಆದರೆ ಅವಳು ಉಷಾರಾಣಿ.

“ಗಾಡಿ ಬಂದಿಲ್ಲ ಸಾರ್, ಇವ್ರು ತಂದಿದ್ದು. ಇನ್ನೊಂದ್ಸಲ ಇವರ ಜೀವ ಅಡ ಇಡಲ್ಲ ನಾನು. ಕಮಾನು ಪಟ್ಟಿ ಹಾಕಿಸೋಕೆ ಒಂದು ವಾರ ಬೇಕು. ಆಗಲ್ಲಾಂದ್ರೆ ಜೀಪಿನವರಿಗೆ ಕೊಡಿ.”

ಹಿಂದಿನಿಂದ ದೊಡ್ಡಿ ಮುಂದೆ ಬಂದಳು. “ಏನ್ ರೈಟ್ರೇ, ಕಾಯಿ ಕೀಳೋದು ಗಾಡಿನಾ? ವಾರ ಪೂರಾ ಬಸ್ಸಿಗೆ ಬಂದು ಕೆಳಗಿಂದ ನಡ್ಕೊಂಡು ಹತ್ತೀವಿ. ಹೊತ್ತಿಗೆ ಸರಿಯಾಗಿ ಗಿಡದ ಹತ್ರ ಇರ್ತೀವಿ. ಇಲ್ದಿದ್ರೆ ಆಗ ಜೀಪ್ ಕರೀರಿ.” ಹೆಂಗಸರೆಲ್ಲ ಹೂಂಗುಟ್ಟಿದರು. ಅನಿಲ್‌ಕುಮಾರ್ ಅವರ ಮುಖಗಳನ್ನು ನೋಡಿ, “ಆಯ್ತಮ್ಮ, ನಡೀರಿ” ಎಂದರು.

ಸಂಜೆ ಹೆಂಗಸರನ್ನು ಹತ್ತಿಸದೆ, ದರೆಯ ಬದಿಗೆ ಮಣ್ಣಿನ ಮೂಟೆ ಪೇರಿಸಿಕೊಂಡು, ಉಷಾರಾಣಿ ಒಬ್ಬಳೇ ಗಾಡಿಯನ್ನು ಬಂಡೆಯಿಂದ ಇಳಿಸಿ ಮಿಲನ್ ಗ್ಯಾರೇಜಿನಲ್ಲಿ ಬಿಟ್ಟಳು. ಮರುದಿನ ಸತೀಶ ಶುಂಠಿ ಹೊಲಕ್ಕೆ ಹೋಗಲಿಲ್ಲ. ಹೆಂಗಸರ ಊಟದ ಡಬ್ಬಿಗಳನ್ನೆಲ್ಲ ಎರಡು ಚೀಲಕ್ಕೆ ತುಂಬಿ ಹೆಗಲಿಗೆ ಹಾಕಿಕೊಂಡು, ಅವರ ಹಿಂದೆಯೇ ಬಸ್ಸು ಹತ್ತಿ, ಹಿಂದೆಯೇ ಏರು ಹತ್ತಿದ. ಎಲ್ಲರ ಮುಂದೆ ಉಷಾರಾಣಿ ನಡೆಯುತ್ತಿದ್ದಳು. ಆಮೆಬಂಡೆಯ ಹತ್ತಿರ ಅವನಿಗೆ ಏದುಸಿರು ಬಂತು. ದೊಡ್ಡಿ ತಿರುಗಿ ನೋಡಿದಳು.

“ಏನ್ ಸತೀಶಣ್ಣ, ಹೊಟ್ಟೆ ತಾಗ್ತಾ?”

ಎಲ್ಲರಿಗಿಂತ ಜೋರಾಗಿ ನಕ್ಕವಳು ಉಷಾರಾಣಿ. ಮೊನ್ನೆಯಿಂದ ಅವಳು ನಕ್ಕಿದ್ದು ಅದೇ ಮೊದಲು.